ಖಾಲಿ ಕುರ್ಚಿಗೆ ಬಂದ ನೆಟ್‌ವರ್ಕ್

"ಸ್ಥಳಕ್ಕೆ ಭೇಟಿ ಕೊಟ್ಟೆ. ಸಭೆ ನಡೆದಿಲ್ಲ." ನಮ್ಮ ಮಹಿಳಾ ಒಕ್ಕೂಟದ ಮೇಲ್ವಿಚಾರಕ ಎರಡು ತಿಂಗಳು ಮೇಲಿಂದ ಮೇಲೆ ಹೀಗೆ ಬರೆದು ಹೊನ್ನಾವರದ ಕಚೇರಿಗೆ ಕಳಿಸಿದ. ಆ ಎರಡೂ ದಿನ, ಮುರ್ಡೇಶ್ವರದಿಂದ ಒಳಗಿರುವ ನಮ್ಮೂರಿನ ಶಾಲೆಯ ಜಗಲಿಯಲ್ಲಿ ನಾವು ನಲವತ್ತು ಹೆಂಗಸರು ಕೂತಿದ್ದೆವು. ಕಾರ್ಯದರ್ಶಿಯಾಗಿ ನಡಾವಳಿ ಬರೆದವಳು ನಾನೇ. ಬಾರದಿದ್ದವನು ಅವನು. ಕುಮಟಾದ ಮನೆಯಲ್ಲಿ ಕೂತೇ ನಮ್ಮೂರಿಗೆ ಬಂದು ಹೋಗುವ ವಿದ್ಯೆ ಅವನಿಗೆ ಸಿದ್ಧಿಸಿತ್ತು.

ನಮ್ಮೂರಲ್ಲಿ ನೆಟ್‌ವರ್ಕ್ ಇಲ್ಲದ್ದೇ ಅವನ ಧೈರ್ಯ. ಸಭೆಯ ಫೋಟೊ ಅಲ್ಲಿಂದಲೇ ಕಚೇರಿಯ ಆ್ಯಪ್‌ಗೆ ಹೋಗಬೇಕಿತ್ತು, ಹೋಗುತ್ತಿರಲಿಲ್ಲ. ಮುರ್ಡೇಶ್ವರಕ್ಕೆ ಹೋದಾಗ ಫೋನ್ ಮಾಡಿ ಜಗಳ ತೆಗೆದರೆ, "ಫೋಟೊ ಇಲ್ಲ ಅಂದ್ರೆ ಸಭೆ ಇಲ್ಲ. ನಿಮ್ಮದು ಸಭೆಯೋ ಹರಟೆಯೋ ಯಾರಿಗೆ ಗೊತ್ತು?" ಎಂದ. ಹರಟೆಯಂತೆ! ಮೈಯೆಲ್ಲ ಉರಿದುಹೋಯಿತು. ಮೂರನೇ ಸಲವೂ ಹಾಗೇ ಬರೆದರೆ ನಮ್ಮ ಒಕ್ಕೂಟವನ್ನು ಮುಚ್ಚಿ ಶಿರಾಲಿಯದಕ್ಕೆ ಸೇರಿಸುತ್ತಾರೆ. ಕೂಲಿ ಬಿಟ್ಟು, ಎರಡು ಬಸ್ಸು ಹಿಡಿದು ಅಲ್ಲಿಗೆ ಹೋಗುವವರು ಯಾರು? ನಮ್ಮ ಅಧ್ಯಕ್ಷೆಗಂತೂ ಮಂಡಿನೋವು, ಶಾಲೆಯ ಮೆಟ್ಟಿಲನ್ನೇ ಇಬ್ಬರು ಹಿಡಿದು ಹತ್ತಿಸಬೇಕು.

ಇವನನ್ನು ಸುಮ್ಮನೆ ಬಿಡಬಾರದು ಎಂದು ಅವತ್ತೇ ನಿಶ್ಚಯಿಸಿದೆ.

ಭಟ್ಕಳದ ಮೊಬೈಲ್ ಅಂಗಡಿಯಿಂದ, ಸಿಮ್ ಹಾಕಿದರೆ ಹತ್ತು ಫೋನಿಗೆ ವೈಫೈ ಕೊಡುವ ಅಂಗೈಯಷ್ಟು ಯಂತ್ರ ತಂದೆ. ಶಾಲೆಯ ಹಿಂದಿನ ದಿಬ್ಬದಲ್ಲಿ ಎತ್ತರಕ್ಕೆ ಹಿಡಿದರೆ ಸಿಗ್ನಲ್ ಸಿಗುತ್ತದೆಂದು ಗೊತ್ತಿತ್ತು. ಮಾವಿನಕಾಯಿ ಕೊಯ್ಯುವ ದೋಟಿಯ ತುದಿಗೆ ಅದನ್ನು ಕಟ್ಟಿದೆ. ಮಳೆಹನಿ ಬಿದ್ದೀತು, ಕಾಗೆ ಕುಕ್ಕೀತು ಎಂದು ಮಗಳ ಸ್ಟೀಲ್ ಟಿಫಿನ್ ಡಬ್ಬಿಯೊಳಗಿಟ್ಟು ಭದ್ರವಾಗಿ ಮುಚ್ಚಿದ್ದೆ. ನೆಟ್‌ವರ್ಕಿನ ಒಂದು ಗೆರೆಯೂ ಬರಲಿಲ್ಲ. ಮರುದಿನ ಅಂಗಡಿಗೆ ಹೋಗಿ ಹರಿಹಾಯ್ದೆ. ಅಂಗಡಿಯವನು ಪೂರ್ತಿ ಕೇಳಿಸಿಕೊಂಡು, "ಸ್ಟೀಲ್ ಡಬ್ಬಿಯಲ್ಲಾ? ಅದ್ರೊಳಗೆ ಸಿಗ್ನಲ್ ಹ್ಯಾಗೆ ಹೋಗ್ತದೆ ಅಕ್ಕಾ? ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ" ಎಂದು ನಕ್ಕ. ಮರ್ಯಾದೆ ಹೋಯಿತು. ಆ ಸಿಟ್ಟನ್ನೂ ಮೇಲ್ವಿಚಾರಕನ ತಲೆಗೇ ಕಟ್ಟಿದೆ.

ಮೂರನೇ ಸಭೆಯ ದಿನ ಹೊನ್ನಾವರದ ಕಚೇರಿಯ ಮೇಡಂ ಎಲ್ಲ ಒಕ್ಕೂಟಗಳನ್ನೂ ವಿಡಿಯೊದಲ್ಲಿ ಸೇರಿಸಿದ್ದರು. ಯಂತ್ರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ದಿಬ್ಬದ ಬೇಲಿಗೂಟಕ್ಕೆ ದೋಟಿ ಕಟ್ಟಿ ನಿಲ್ಲಿಸಿದೆವು. ಫೋನಿನಲ್ಲಿ ಗೆರೆಗಳೆಲ್ಲ ತುಂಬಿದವು. ನಾನು ವಿಡಿಯೊ ಸಭೆಗೆ ಸೇರಿಕೊಂಡು ಕ್ಯಾಮೆರಾ, ಮೈಕು ಎರಡನ್ನೂ ಬಂದ್ ಮಾಡಿಟ್ಟೆ.

"ಎಂತಕ್ಕೆ ಬಂದ್ ಮಾಡಿದ್ಯೇ ಮಾರಾಯ್ತಿ? ನಾವು ಇದ್ದದ್ದು ಹೇಳು!" ಎಂದು ಅಧ್ಯಕ್ಷೆ ತಿವಿದರು.

"ಸ್ವಲ್ಪ ತಡೀರಿ ಅಕ್ಕಾ. ಅವ್ನು ಪೂರಾ ಹೇಳಿ ಮುಗಿಸ್ಲಿ."

ನಮ್ಮೂರಿನ ಸರದಿ ಬಂತು. ಮುಖ ತೋರಿಸದ ಅವನ ದನಿ ಕೇಳಿಸಿತು. "ಮೇಡಂ, ನಾನು ಸ್ಥಳದಲ್ಲೇ ಇದ್ದೇನೆ, ಸಿಗ್ನಲ್ಲಿಗೆಂದು ದಿಬ್ಬ ಹತ್ತಿದ್ದೇನೆ. ಇವತ್ತೂ ಒಬ್ಬರೂ ಬಂದಿಲ್ಲ." ಅವನ ಹಿಂದೆಯೇ ಕುಕ್ಕರ್ ಸೀಟಿ ಹೊಡೆಯಿತು.

ಎರಡೂ ಗುಂಡಿ ಒತ್ತಿದೆ. "ನಮಸ್ಕಾರ ಮೇಡಂ" ಎಂದು ಫೋನನ್ನು ನಲವತ್ತು ಮುಖಗಳ ಮೇಲೆ ನಿಧಾನವಾಗಿ ತಿರುಗಿಸಿದೆ. ಕೊನೆಗೆ, ಅವನಿಗೆಂದು ಟವೆಲ್ ಹಾಸಿಟ್ಟ ಖಾಲಿ ಕುರ್ಚಿಯ ಎದುರು ನಿಲ್ಲಿಸಿದೆ.

"ಸಾರ್, ಇಲ್ಲಿ ನಮ್ಮ ಹರಟೆ ನಡೀತಾ ಇದೆ. ನೀವು ಎಲ್ಲಿ ಕೂತಿದ್ದೀರಿ? ಅನ್ನ ಆತಾ?"

ಹೆಂಗಸರು ಬಿದ್ದು ಬಿದ್ದು ನಕ್ಕರು. ಮೇಡಂ ನಗಲಿಲ್ಲ. ಅವನ ಹೆಸರು ಹಿಡಿದು ಎರಡು ಸಲ ಕರೆದರು. ಅಷ್ಟರಲ್ಲಿ ಆ ಹೆಸರೇ ಪರದೆಯಿಂದ ಮಾಯವಾಗಿತ್ತು. "ನಿಮ್ಮ ಒಕ್ಕೂಟ ನಿಮ್ಮೂರಲ್ಲೇ ಇರ್ತದೆ. ಇವತ್ತಿನ ನಡಾವಳಿ ನೇರವಾಗಿ ನನಗೇ ಕಳಿಸಿ" ಎಂದರು ಮೇಡಂ.

ನಡಾವಳಿ ಬರೆಯಲು ಕೂತಿದ್ದೆ. ಅದೇ ವೈಫೈಯಲ್ಲಿ ಅವನ ವಾಟ್ಸಾಪ್ ಕರೆ ಬಂತು. "ಅಕ್ಕಾ, ನಾನು ಗೈರು ಅಂತ ಬರೀಬೇಡಿ. ಕೆಲ್ಸ ಹೋಗ್ತದೆ. ಮಕ್ಕಳೊಂದಿಗ ನಾನು."

ಇಷ್ಟು ವರ್ಷದಲ್ಲಿ ಮೊದಲ ಸಲ ಅಕ್ಕ ಎಂದಿದ್ದ. ಪಾಪ ಅನಿಸಬೇಕಿತ್ತೇನೋ, ಸುಳ್ಳು ಏಕೆ ಹೇಳಲಿ, ಅನಿಸಲಿಲ್ಲ. ಪ್ರತಿ ಮಾತೂ ಪಕ್ಕದಲ್ಲೇ ಕೂತು ಆಡಿದಷ್ಟು ಸ್ಪಷ್ಟವಾಗಿತ್ತು.

"ಹಲೋ? ಹಲೋ ಸಾರ್? ಇಲ್ಲಿ ನೆಟ್‌ವರ್ಕ್ ಇಲ್ಲ. ಎಂತದೂ ಕೇಳ್ತಾ ಇಲ್ಲ" ಎಂದು ಫೋನ್ ಇಟ್ಟೆ.

ಗೈರುಹಾಜರಿಯ ಎದುರು ಅವನ ಹೆಸರನ್ನು ದಪ್ಪಕ್ಷರದಲ್ಲಿ ಬರೆದು ಪುಸ್ತಕವನ್ನು ಅಧ್ಯಕ್ಷೆಯ ಮುಂದೆ ಹಿಡಿದೆ. ಅವರಿಗೆ ಓದು ಬಾರದು. "ಅವ್ನದು ಎಲ್ಲುಂಟು?" ಎಂದು ಕೇಳಿದರು. ತೋರಿಸಿದೆ. ಸರಿಯಾಗಿ ಅದರ ಕೆಳಗೇ ಹೆಬ್ಬೆಟ್ಟು ಒತ್ತಿದರು.