ರೊಟ್ಟಿಯ ಸದ್ದು ನಿಲ್ಲಬಾರದಿತ್ತು

ಕಾದ ಹಂಚಿನ ಮೇಲಿನ ಜೋಳದ ರೊಟ್ಟಿಗೆ ನೀರು ಸವರಿದಾಗ ಏಳುವ ಹಬೆಗೆ ಒಂದು ವಾಸನೆಯಿದೆ. ಮೊನ್ನೆ ಪುಣೆಯ ಬಿಬವೇವಾಡಿಯಲ್ಲಿ ಖಾನಾವಳಿಯೊಂದನ್ನು ದಾಟುವಾಗ ಅದು ಮೂಗಿಗೆ ಬಡಿಯಿತು. ನಮ್ಮ ಮೇಲಿನ ಮನೆಯಲ್ಲಿದ್ದ, ನಾನು ಕಾಕು ಅಂತ ಕರೆಯುತ್ತಿದ್ದ ಹೆಂಗಸು ನೆನಪಾದರು…

ಧಾರವಾಡದ ಕಡೆಯವರು. ಮನೆಯವರು ಅವರ ಕೈಗೆ ಫೋನು ಕೊಟ್ಟಿರಲಿಲ್ಲ, ಒಬ್ಬರೇ ಕೆಳಗಿಳಿಯುವ ಹಾಗಿರಲಿಲ್ಲ. ಗಂಡ ಕೆಲಸಕ್ಕೆ ಹೋದ ಮೇಲೆ ಕಾವಲು ಅತ್ತೆಯದು. ಮಂಡಿನೋವಿನ ಆ ಮುದುಕಿ ಪಡಸಾಲೆಯಲ್ಲಿ ಕೂತು ಕಿವಿಯಿಂದಲೇ ಕಾಯುತ್ತಿದ್ದರು. ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತರೆ ಸಾಕು, “ಏನ್ ಮಾಡಾಕತ್ತೀ?”

ನಾನು ಆಗ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಬೀಗುತ್ತಿದ್ದವಳು. ಹಿಂದಿನ ಬಾಗಿಲಿನಿಂದ ಅವರ ಅಡಿಗೆಮನೆಗೆ ಹೋಗಿ, ಅಕ್ಕಿ ಡಬ್ಬಿಗೆ ಮೊಬೈಲು ಒರಗಿಸಿ, ಸದ್ದು ಸಣ್ಣದು ಮಾಡಿ, ಯುದ್ಧಕಾಲದ ಗೂಢಚಾರರ ಸಿನಿಮಾವೊಂದನ್ನು ಕಾಕುಗೆ ದಿನಾ ಇಷ್ಟಿಷ್ಟೇ ತೋರಿಸುತ್ತಿದ್ದೆ. ಶತ್ರುಗಳು ಹಿಡಿದ ಊರು. ಅವರ ವಿರುದ್ಧ ಗುಟ್ಟಾಗಿ ಹೋರಾಡುವ ಹುಡುಗಿಯೊಬ್ಬಳು ಅಟ್ಟದಲ್ಲಿ ಕೂತು ಕೀಲಿ ಬಡಿದು ನಿಸ್ತಂತು ಸಂದೇಶ ಕಳಿಸುತ್ತಾಳೆ. ಶತ್ರು ಆ ಟಕಟಕ ಕೇಳುತ್ತ ಕೂತಿದ್ದಾನೆ. ಅವಳು ತಪ್ಪಿಸಿಕೊಳ್ಳಲಿ ಎಂದು ಗೆಳೆಯನೊಬ್ಬ ಅವಳ ಜಾಗದಲ್ಲಿ ಕೂತು ಬಡಿಯುತ್ತಾನೆ.

“ಸುಳ್ಳ್ರಿ ಕಾಕು,” ಅಂದೆ ಮೆಲ್ಲಗೆ. “ಒಬ್ಬೊಬ್ಬರ ಕೈ ಒಂದೊಂದ್ ಥರ. ಗೊತ್ತಾಗೇ ಆಗ್ತದ.”

ಕಾಕು ಹಿಟ್ಟು ನನ್ನ ಮುಂದೆ ತಳ್ಳಿದರು. “ಬಡಿ, ನೋಡೂಣು.”

ಹಾಗೆ ಕಲಿಸತೊಡಗಿದರು. ಅತ್ತೆ ಕೂಗಲಿಲ್ಲವೆಂದರೆ ನಾನು ಪಾಸು. ಒಂದು ಬೆಳಿಗ್ಗೆ ಕೈ ತೊಳೆದು ಸೆರಗು ಹೊದ್ದರು. “ಅಕ್ಕನ ಊರಿಗೆ ಹೊಂಟೆ. ಮತ್ತ ಬರಂಗಿಲ್ಲ. ಬಸ್ ಬಿಡೂತನಕಾ ನಿಲ್ಲಸಬ್ಯಾಡ.” ಹಿಂದಿನ ಬಾಗಿಲಿನಿಂದ ಸ್ವಾರಗೇಟ್ ಬಸ್ ನಿಲ್ದಾಣಕ್ಕೆ ಹೊರಟೇಬಿಟ್ಟರು.

ಬಡಿದೆ. ಅಂಗೈ ಉರಿಯಿತು. ಸರಳಿನ ಕಿಟಕಿ, ಹೊಗೆ, ಆಚೆ ಮುದುಕಿಯ ಕೆಮ್ಮು… ಎದ್ದು ಹೋಗುವಂತಿಲ್ಲ, ಉಸಿರು ಬಿಡಲೂ ಹೆದರಿಕೆ.

“ಏನವಾ, ಇವತ್ತ ಊರಿಗೆಲ್ಲಾ ರೊಟ್ಟಿ ಮಾಡಾಕತ್ತೀಯೇನು?” ಅತ್ತೆ ಕೂಗಿದರು.

ಉತ್ತರ ಕೊಟ್ಟರೆ ದನಿ ಹಿಡಿದುಕೊಡುತ್ತದೆ, ಕೊಡದಿದ್ದರೆ ಅನುಮಾನ. ಇನ್ನೂ ಜೋರಾಗಿ ಬಡಿದೆ.

“ಹೌದ್ರಿ ಅತ್ತಿ, ಹಸದವ್ರು ಭಾಳ ಮಂದಿ ಅದಾರ,” ಅನ್ನುವ ದನಿ ನನ್ನ ಬೆನ್ನ ಹಿಂದೆ ಕೇಳಿತು. ಕಾಕು!

“ಬಸ್ ಸಿಗಲಿಲ್ಲೇನ್ರಿ?” ಪಿಸುಗುಟ್ಟಿದೆ.

“ಹತ್ತಿ ಕೂತಿದ್ದೆ. ನಿನ್ನ ಇಲ್ಲೆ ಸಿಗಿಸಿ ಬಂದೀನಲ್ಲಾ ಅನ್ನಿಸ್ತು… ಇಳದೆ.”

“ಸಿಕ್ಕಿಬಿದ್ದಿದ್ರ, ರೊಟ್ಟಿ ಕಲೀಲಿಕ್ಕೆ ಬಂದೀನಿ ಅಂತಿದ್ದೆ! ನನಗ ವಾದ ಮಾಡ್ಲಿಕ್ಕೆ ಬರಂಗಿಲ್ಲೇನು?”

“ಸರಿ ಆಕಡೆ, ಹುಚ್ಚಿ. ಸುಡಾಕತ್ತದ.” ರೊಟ್ಟಿ ತಿರುವಿ ಹಾಕಿದರು. ಸದ್ದು ಮತ್ತೆ ಶುರುವಾಯಿತು, ಅದೇ ಲಯ.

ಸ್ವಲ್ಪ ದಿನಕ್ಕೇ ಕಾಕುವಿನ ಮನೆಯವರು ಪಿಂಪ್ರಿ-ಚಿಂಚವಾಡದ ಕಡೆ ಮನೆ ಬದಲಿಸಿದರು. ಎಲ್ಲಿ ಅಂತ ಹುಡುಕುವುದು…

ಅರ್ಧಕ್ಕೆ ಬಿಟ್ಟ ಸಿನಿಮಾ ನಿನ್ನೆ ನೋಡಿ ಮುಗಿಸಿದೆ. ಹುಡುಗಿ ಗಡಿ ದಾಟುತ್ತಾಳೆ, ವಾದ್ಯಗಳು ಮೊಳಗುತ್ತವೆ. ಬಡಿಯುತ್ತ ಕೂತ ಗೆಳೆಯ ಏನಾದ ಅಂತ ಮಾತ್ರ ಹೇಳುವುದೇ ಇಲ್ಲ. ಕಾಕು ಇದ್ದಿದ್ದರೆ ಮೊದಲು ಅದನ್ನೇ ಕೇಳುತ್ತಿದ್ದರು. ಅವನೂ ಪಾರಾಗಿರುತ್ತಾನೆ ಅಂತ ನಾನು ವಾದಕ್ಕಿಳಿಯುತ್ತಿದ್ದೆ. ಈಗಲೂ ತಯಾರಿದ್ದೇನೆ, ಆದರೆ ಮೇಲಿನ ಮನೆಯಲ್ಲಿ ರೊಟ್ಟಿಯ ಸದ್ದಿಲ್ಲ…