ಅಪ್ಪ ತೊಳೆದ ಎಕ್ಸ್‌ರೇ

ನಾನು ಚಿಕ್ಕವಳಿದ್ದಾಗ ಮನುಷ್ಯರ ಮೈಯೊಳಗನ್ನು ಕಣ್ಣಾರೆ ಕಂಡವರು ನಮ್ಮ ಕೇರಿಯಲ್ಲಿ ಹೆಚ್ಚು ಜನ ಇರಲಿಲ್ಲ. ನಾನು ಕಂಡಿದ್ದೆ. ಅಕ್ಕನ ಪಕ್ಕೆಲುಬುಗಳನ್ನು, ಅವುಗಳ ನಡುವಿನ ಕತ್ತಲನ್ನು, ಕಿಟಕಿಯ ಬೆಳಕಿಗೆ ಹಿಡಿದು ನೋಡಿದ್ದೆ. ಅದರ ಹೆಮ್ಮೆ ನನ್ನ ತಲೆಗೇರಿತ್ತು. ಆ ಹೆಮ್ಮೆ ಒಂದು ದಿನ ಏನು ಮಾಡಿತು ಎನ್ನುವುದನ್ನು, ಮೊಮ್ಮಕ್ಕಳೇ, ನಿಮಗೆ ಹೇಳಬೇಕು.

ಅದು ಎಪ್ಪತ್ತರ ದಶಕದ ನಡುಭಾಗ, ನನಗೆ ಒಂಬತ್ತು ವರ್ಷ ಇರಬೇಕು. ಅಪ್ಪನಿಗೆ ಚಿಕ್ಕಜಾಜೂರು ಸ್ಟೇಷನ್ನಿನಲ್ಲಿ ಕೆಲಸ. ಬರುವ ರೈಲು ಯಾವ ಹಳಿಗೆ ಹೋಗಬೇಕೋ ಆ ಹಳಿಗೆ ದಾರಿ ತಿರುಗಿಸಿಕೊಡುವುದು. ನಮ್ಮ ರೈಲ್ವೆ ಕ್ವಾರ್ಟರ್ಸ್ ಮನೆ ಹಳಿಯ ಪಕ್ಕದಲ್ಲೇ ಇತ್ತು. ಕಲ್ಲಿದ್ದಲ ಹೊಗೆಯ ವಾಸನೆ ಒಣಹಾಕಿದ ಬಟ್ಟೆಗೂ ಹತ್ತುತ್ತಿತ್ತು, ಅವ್ವನ ರೊಟ್ಟಿಗೂ ಹತ್ತುತ್ತಿತ್ತು. ಹಾಗಾಗಿ ಆ ಬೇಸಗೆಯಲ್ಲಿ ಅಕ್ಕನಿಗೆ ಕೆಮ್ಮು ಹಿಡಿದಾಗ ಯಾರೂ ಗಾಬರಿಯಾಗಲಿಲ್ಲ. ಅವ್ವ ಮೆಣಸು, ಶುಂಠಿ, ಆಡುಸೋಗೆ ಸೊಪ್ಪು ಹಾಕಿ ಕಷಾಯ ಕುದಿಸಿದಳು. ಹದಿನೆಂಟರ ಅಕ್ಕ ಮೂಗು ಹಿಡಿದುಕೊಂಡು ಕುಡಿದಳು. ತಿಂಗಳಾದರೂ ಕೆಮ್ಮು ನಿಲ್ಲಲಿಲ್ಲ. ಊರಿನ ಡಾಕ್ಟರು ಚಿತ್ರದುರ್ಗದ ದೊಡ್ಡಾಸ್ಪತ್ರೆಗೆ ಹೋಗಿ ಎದೆಯ ಎಕ್ಸ್‌ರೇ ತೆಗೆಸಿಕೊಂಡು ಬನ್ನಿ ಎಂದರು.

ಹಟ ಮಾಡಿ ನಾನೂ ಹೊರಟೆ. ಆಸ್ಪತ್ರೆಯ ಆ ಕೋಣೆಗೆ ಕಪ್ಪು ಪರದೆ ಇತ್ತು. ಒಳಗೆ ಹೋಗುವ ಮೊದಲು ಅಕ್ಕ ಕೊರಳಿನ ಮಣಿಸರ ಬಿಚ್ಚಿ ನನ್ನ ಕೈಗೆ ಕೊಟ್ಟಳು. ಅದು ಅವಳ ಮೈಯ ಬಿಸಿಯನ್ನು ಇನ್ನೂ ಇಟ್ಟುಕೊಂಡಿತ್ತು. ಒಳಗಿನಿಂದ ಯಾರೋ "ಉಸಿರು ಹಿಡ್ಕಳಮ್ಮ" ಎಂದದ್ದು ಕೇಳಿ ನಾನೂ ಉಸಿರು ಹಿಡಿದೆ. ಆಮೇಲೆ ಬಹಳ ಹೊತ್ತು ಬೆಂಚಿನ ಮೇಲೆ ಕಾದೆವು. ಒದ್ದೆ ಫಿಲಂ ಒಣಗಬೇಕಂತೆ.

ಡಾಕ್ಟರು ಅದನ್ನು ಬೆಳಗುವ ಗಾಜಿನ ಮುಂದೆ ಹಿಡಿದು ನೋಡಿದರು. ಏನು ಹೇಳಿದರು? ಇಲ್ಲಿ ನನಗೆ ನನ್ನ ಮೇಲೇ ನಂಬಿಕೆ ಸಾಲದು. "ಏನೂ ಇಲ್ಲ" ಎಂದರು ಎಂಬುದು ನನ್ನ ಒಂಬತ್ತು ವರ್ಷದ ಕಿವಿಗೆ ಕೇಳಿಸಿದ್ದು. ಮುಂದೆ ಮೈಸೂರಿನಲ್ಲಿ ಓದುವಾಗ ಡೈರಿಯಲ್ಲಿ ಬರೆದಿಟ್ಟದ್ದು ಬೇರೆ: "ಈಗ ಏನೂ ಸ್ಪಷ್ಟವಾಗಿಲ್ಲ, ಆರು ತಿಂಗಳು ಬಿಟ್ಟು ಇದೇ ಫಿಲಂ ತಗೊಂಡು ಬನ್ನಿ ಅಂದರು." ಅದು ಅಪ್ಪನಿಂದ ಕೇಳಿದ್ದೋ, ನನಗೇ ಹೊಳೆದದ್ದೋ ಡೈರಿಯಲ್ಲಿಲ್ಲ. ವಾಪಸು ಬರುವಾಗ ರೈಲಿನಲ್ಲಿ ಅಪ್ಪ ಫಿಲಂ ಇದ್ದ ಕಂದು ಲಕೋಟೆಯನ್ನು ಟವಲಿನಲ್ಲಿ ಸುತ್ತಿ, ಅದರ ಮೇಲೆಯೇ ಕುಳಿತಿದ್ದ. ಇದಂತೂ ಚೆನ್ನಾಗಿ ನೆನಪಿದೆ, ಏಕೆಂದರೆ ಎಲುಬು ಮುರಿಯುತ್ತದೆ ಎಂದು ನಾನು ಹೆದರಿದ್ದೆ. ಮನೆಗೆ ಬಂದ ಮೇಲೆ ಅದು ಟ್ರಂಕಿನ ಹಿಂದೆ ಹೋಯಿತು. ಯಾರಿಗೂ ಹೇಳಬಾರದು ಎಂದು ಅಪ್ಪ ಒಮ್ಮೆ ಹೇಳಿದ. ಏಕೆ ಎಂದು ಹೇಳಲಿಲ್ಲ. ಮನೆಯಲ್ಲಿ ಯಾರೂ ಇಲ್ಲದಾಗ ನಾನು ಅದನ್ನು ತೆಗೆದು ಕಿಟಕಿಗೆ ಹಿಡಿಯುತ್ತಿದ್ದೆ.

ಎರಡು ತಿಂಗಳ ಬಳಿಕ, ಮತ್ತೋಡಿನಿಂದ ಅಕ್ಕನನ್ನು ನೋಡಲು ಬಂದರು. ಗಂಡು ಮೇಷ್ಟ್ರು. ಅವನ ತಾಯಿ, ಸೋದರಮಾವ ಜೊತೆಗಿದ್ದರು. ಅವ್ವ ಬೆಳಿಗ್ಗೆಯೇ ನೆಲ ಸಾರಿಸಿ, ಉಪ್ಪಿಟ್ಟು, ಕೇಸರಿಬಾತು ಮಾಡಿದ್ದಳು. ಮನೆಯಲ್ಲಿ ಕಲ್ಲಿದ್ದಲಿನ ಬದಲು ಏಲಕ್ಕಿ ಘಮ್ಮೆನ್ನುತ್ತಿತ್ತು. ಅಕ್ಕ ಹಸಿರು ಸೀರೆ ಉಟ್ಟು ಚಾಪೆಯ ಮೇಲೆ ಕುಳಿತಳು. ಅವಳಿಗೆ ಆ ಮೇಷ್ಟ್ರು ಹಿಡಿಸಿದ್ದ. ಬಾಗಿಲ ಸಂದಿಯಿಂದ ನೋಡಿ ಬಂದವಳು ನನ್ನ ಕಿವಿಯಲ್ಲಿ "ಮೀಸೆ ಪರವಾಗಿಲ್ಲ" ಎಂದಿದ್ದಳು.

ಆಗ ಹೆಣ್ಣು ನೋಡುವುದೆಂದರೆ ಒಂದು ತಪಾಸಣೆಯೇ. ಕಾಲು ಸರಿಯಿದೆಯೇ ಎಂದು ನಡೆಸಿ ನೋಡುತ್ತಿದ್ದರು. ಕೂದಲು ಸ್ವಂತದ್ದೇ ಎಂದು ಜಡೆ ಮುಟ್ಟಿ ನೋಡುತ್ತಿದ್ದರು. ಕಣ್ಣಿನ ಪರೀಕ್ಷೆಗೆ ಸೂಜಿಗೆ ದಾರ ಪೋಣಿಸಲು ಕೊಡುತ್ತಿದ್ದರು. ಅಕ್ಕ ಒಂದೇ ಸಲಕ್ಕೆ ಪೋಣಿಸಿದಳು.

"ಕಣ್ಣು ಚುರುಕೈತೆ," ಎಂದರು ಸೋದರಮಾವ. "ನಮ್ಮ ಮೇಷ್ಟ್ರ ಅಂಗಿಗೆ ಇನ್ನು ಪಿನ್ನು ಬೇಕಾಗಂಗಿಲ್ಲ ಬಿಡ್ರಿ."

ಎಲ್ಲರೂ ನಕ್ಕರು. ಮೇಷ್ಟ್ರು ಗುಂಡಿ ಕಿತ್ತುಹೋಗಿ ಪಿನ್ನು ಚುಚ್ಚಿದ್ದ ಅಂಗಿಯ ತೋಳನ್ನು ಮೆಲ್ಲಗೆ ಮಡಚಿಕೊಂಡ. ಅಕ್ಕನೂ ತಲೆ ತಗ್ಗಿಸಿಯೇ ನಕ್ಕಳು. ಆ ಕ್ಷಣದಲ್ಲಿ ಮದುವೆ ಗೊತ್ತಾದಂತೆಯೇ ಇತ್ತು.

ಕೊನೆಗೆ ಹಾಡು. ಅಕ್ಕ ಒಂದು ದೇವರ ಪದ ಎತ್ತಿಕೊಂಡಳು. ಎರಡನೆಯ ಸಾಲಿನಲ್ಲಿ ಕೆಮ್ಮು ಬಂತು. ತಡೆದುಕೊಂಡು ಮತ್ತೆ ಶುರು ಮಾಡಿದಳು, ಮತ್ತೆ ಬಂತು. ಗಂಡಿನ ತಾಯಿ ಎಷ್ಟು ದಿನದಿಂದ ಎಂದು ಕೇಳಿದರು. ಅವ್ವ ಒಲೆಯ ಹೊಗೆ ಎಂದಳು. ಅದೇ ಹೊತ್ತಿಗೆ ಅಪ್ಪ ರೈಲಿನ ಹೊಗೆ ಎಂದ. ಆ ತಾಯಿ ಇಬ್ಬರ ಮುಖವನ್ನೂ ನೋಡಿದರು.

ನನಗೆ ಸಿಟ್ಟು ಬಂತು. ಅಕ್ಕನಿಗೆ ಏನೂ ಇಲ್ಲ ಎಂದು ದುರ್ಗದ ಡಾಕ್ಟರೇ ಹೇಳಿರುವಾಗ ಈ ಮತ್ತೋಡಿನವರು ಯಾರು ಅನುಮಾನ ಪಡಲು? ಸೂಜಿ ದಾರ ಕೊಟ್ಟು ಕಣ್ಣು ನೋಡುತ್ತಾರೆ, ನಮ್ಮ ಬಳಿ ಎದೆಯ ಒಳಗನ್ನೇ ನೋಡಿದ ಪುರಾವೆ ಇದೆ. ಓಡಿಹೋಗಿ ಟ್ರಂಕಿನ ಹಿಂದಿನಿಂದ ಲಕೋಟೆ ಎಳೆದು ತಂದೆ. ಫಿಲಂ ತೆಗೆದು, ಎಲ್ಲರಿಗೂ ಕಾಣುವ ಹಾಗೆ ಕಿಟಕಿಗೆ ಹಿಡಿದೆ.

"ನೋಡ್ರಿ," ಎಂದೆ. "ಡಾಕ್ಟ್ರು ಒಳಗೂ ನೋಡ್ಯಾರೆ. ಏನೂ ಇಲ್ಲ ಅಂದಾರೆ."

ಬಿಸಿಲು ಅಕ್ಕನ ಪಕ್ಕೆಲುಬುಗಳ ಮೂಲಕ ಹಾದು ಚಾಪೆಯ ಮೇಲೆ ಬಿತ್ತು. ಗಂಡಿನ ತಾಯಿ ಬಾಯಿಗೆ ಒಯ್ಯುತ್ತಿದ್ದ ನೀರಿನ ಲೋಟವನ್ನು ಕುಡಿಯದೆ ಕೆಳಗಿಟ್ಟರು. ಸಿಟ್ಟಿನಿಂದಲ್ಲ, ಬಹಳ ನಿಧಾನವಾಗಿ. ಆಮೇಲೆ ನನ್ನನ್ನು ಹತ್ತಿರ ಕರೆದು ತಲೆ ಸವರಿದರು.

"ಅಲ್ಲವ್ವ, ಒಳಗೆಲ್ಲ ನೋಡಿಸೋ ಅಂಥಾದ್ದು ನಿಮ್ಮಕ್ಕಗೆ ಏನಾಗಿತ್ತು?"

ಏನೂ ಇಲ್ಲ ಎನ್ನುವುದಕ್ಕೂ ಒಂದು ಪರೀಕ್ಷೆ ಬೇಕು, ಪರೀಕ್ಷೆ ಮಾಡಿಸಿದ್ದೇ ಜನರ ಕಣ್ಣಿಗೆ ರೋಗವಾಗುತ್ತದೆ ಎಂದು ನನಗೆ ಹೇಗೆ ತಿಳಿಯಬೇಕು? ಕ್ಷಯ ಎಂಬ ಮಾತನ್ನು ಅಲ್ಲಿ ಯಾರೂ ಆಡಲಿಲ್ಲ, ಆಡುವ ಅಗತ್ಯವೂ ಇರಲಿಲ್ಲ. ಊರಿಗೆ ಹೋಗಿ ತಿಳಿಸುತ್ತೇವೆ ಎಂದು ಅವರು ಎದ್ದರು. ಮೇಷ್ಟ್ರು ಹೊಸಿಲಲ್ಲಿ ಒಮ್ಮೆ ತಿರುಗಿ ನೋಡಿದ ಹಾಗೆ ನೆನಪು. ತಿರುಗಿರಲಿ ಎಂಬ ನನ್ನ ಆಸೆಯೂ ಇರಬಹುದು. ಉಪ್ಪಿಟ್ಟಿನ ತಟ್ಟೆಗಳು ಹಾಗೇ ಉಳಿದವು. ಅವರು ತಿಳಿಸಲಿಲ್ಲ.

ಅಪ್ಪ ನನ್ನನ್ನು ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು ಎಂದು ಇವತ್ತಿಗೂ ಅನ್ನಿಸುತ್ತದೆ. ಅವನು ಹಿತ್ತಲಿನ ಒಲೆಯ ಮೇಲೆ ನೀರು ಕಾಯಿಸಿ, ಬಟ್ಟೆ ಒಗೆಯುವ ಸೋಡ ಹಾಕಿ, ಅಗಲ ಬೋಗುಣಿಯಲ್ಲಿ ಫಿಲಂ ಮುಳುಗಿಸಿದ. ಆಮೇಲೆ ತೆಂಗಿನ ನಾರಿನಿಂದ ತಿಕ್ಕತೊಡಗಿದ. ಅಕ್ಕನ ಎಲುಬುಗಳು ಕಪ್ಪು ಲೋಳೆಯಾಗಿ ಎದ್ದು ಬೋಗುಣಿಯ ನೀರಿಗೆ ಸೇರಿದವು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಕ್ಕ ಒಂದೇ ಮಾತು ಆಡಿದಳು.

"ಅಪ್ಪಾ, ಮತ್ತೆ ಬರಾಕ ಹೇಳ್ಯಾರಲ್ಲ, ಅದು ಬೇಕಾಗತೈತೆ."

"ಯಾರಿಗೆ ಬೇಕು?" ಎಂದ ಅಪ್ಪ, ತಲೆ ಎತ್ತದೆ.

ಉಳಿದದ್ದು ತಿಳಿನೀಲಿಯ ಪಾರದರ್ಶಕ ಹಾಳೆ. ಅಡುಗೆಮನೆಯ ಕಿಟಕಿಯ ಒಡೆದ ಗಾಜಿನ ಜಾಗಕ್ಕೆ ಅದನ್ನೇ ಹಾಕಿದ. ಅವ್ವನ ಒಲೆಯ ಮೇಲೆ ಆಮೇಲೆ ನೀಲಿ ಬೆಳಕು ಬೀಳುತ್ತಿತ್ತು.

ಮಳೆಗಾಲ ಕಳೆಯುವಷ್ಟರಲ್ಲಿ ಕೆಮ್ಮು ಜೋರಾಯಿತು. ಆರು ತಿಂಗಳ ಮಾತು ಯಾರೂ ಎತ್ತಲಿಲ್ಲ. ದುರ್ಗದ ರೈಲು ಹತ್ತಿದರೆ ನೋಡುವವರು ಇರುತ್ತಾರಲ್ಲ! ಅಪ್ಪ ಅಕ್ಕನನ್ನು ಗುರುತಿನವರಿಲ್ಲದ ದೂರದ ಹಳ್ಳಿಯೊಂದಕ್ಕೆ ಕರೆದುಕೊಂಡು ಹೋಗಿ ನಾಟಿ ಔಷಧಿ ಕೊಡಿಸಿದ. ಹೀಗೇ ಒಂದು ವರ್ಷ ಹೋಯಿತು. ಕಫದಲ್ಲಿ ರಕ್ತ ಕಂಡ ಮೇಲೆ ಮತ್ತೆ ದೊಡ್ಡಾಸ್ಪತ್ರೆ. ಡಾಕ್ಟರು ಮೊದಲು ಕೇಳಿದ್ದೇ ಹಳೆಯ ಫಿಲಂ. ಅದಿದ್ದರೆ ಎಲ್ಲಿಂದ ಶುರುವಾಯಿತೆಂದು ಹೋಲಿಸಿ ನೋಡಬಹುದಿತ್ತಂತೆ. ಅಪ್ಪ ಕಳೆದುಹೋಯಿತು ಎಂದ.

ಸೂಜಿ, ಮಾತ್ರೆ ಬಹಳ ದಿನ ನಡೆದವು. ಅಕ್ಕ ಬದುಕಿದಳು. ಆದರೆ ಒಂದು ಶ್ವಾಸಕೋಶ ಕುಗ್ಗಿಹೋಗಿತ್ತು. ಸ್ಟೇಷನ್ನಿನ ಸೇತುವೆ ಹತ್ತುವಾಗ ಮೂರು ಕಡೆ ನಿಲ್ಲುತ್ತಿದ್ದಳು. ಮದುವೆಯ ಮಾತು ಮತ್ತೆ ನಮ್ಮ ಮನೆಗೆ ಬರಲಿಲ್ಲ. ನನ್ನ ಮದುವೆ, ನಿಮ್ಮ ಅಮ್ಮನ ಬಾಣಂತನ ಎಲ್ಲ ಅವಳೇ ನಿಂತು ಮಾಡಿದಳು.

ಅವಳು ತೀರಿಕೊಳ್ಳುವ ಹಿಂದಿನ ವರ್ಷ ನಾನು ಧೈರ್ಯ ಮಾಡಿ ಆ ದಿನದ ಮಾತು ತೆಗೆದೆ. ಅಕ್ಕ ನಕ್ಕಳು. "ನೀನೆಲ್ಲಿ ತಂದಿ? ನಾನೇ ಕಣ್ಸನ್ನೆ ಮಾಡಿ ತರಾಕ ಹೇಳಿದ್ದೆ. ಮುಚ್ಚಿಟ್ಟು ಮದುವೆ ಆಗೋದು ನನಗೆ ಬೇಕಿರಲಿಲ್ಲ ಕಣೆ." ಕಣ್ಸನ್ನೆ ನನ್ನ ನೆನಪಿನಲ್ಲಿಲ್ಲ. ಡೈರಿಯಲ್ಲೂ ಇಲ್ಲ. ಅದು ನಿಜವೋ, ನನ್ನ ಹೊರೆ ಇಳಿಸಲು ಅವಳು ಕಟ್ಟಿದ ಮಾತೋ ನನಗೆ ಗೊತ್ತಿಲ್ಲ. ಇನ್ನು ಕೇಳಲು ಅವಳಿಲ್ಲ.

ಮೊನ್ನೆ ನಿಮ್ಮ ಚಿಕ್ಕಮ್ಮ ಹೊಟ್ಟೆಯಲ್ಲಿರುವ ಮಗುವಿನ ಸ್ಕ್ಯಾನಿಂಗ್ ಚಿತ್ರವನ್ನು ಮೊಬೈಲಿಗೆ ಕಳಿಸಿದಾಗ ನೀವೆಲ್ಲ ಮುಗಿಬಿದ್ದಿರಿ. ಇದು ಮೂಗು, ಇದು ಕೈ, ಅಜ್ಜಿಯ ಹಾಗೇ ಹಣೆ ಎಂದು ಜಗಳವಾಡಿದಿರಿ. ಇನ್ನೂ ಹುಟ್ಟದ ಮಗುವಿನ ಎಲುಬನ್ನು ಊಟದ ತಟ್ಟೆಯ ಪಕ್ಕದಲ್ಲಿಟ್ಟುಕೊಂಡು ನೋಡಿದಿರಿ. ಯಾರೂ ಲೋಟ ಕೆಳಗಿಡಲಿಲ್ಲ. ನನಗೆ ಸಂತೋಷವಾಯಿತು. ಹಾಗೆಂದು ನಿಮ್ಮ ಕಾಲ ಪೂರ್ತಿ ಬೇರೆ ಎಂದೂ ಹೇಳಲಾರೆ. ತಮ್ಮ ರಿಪೋರ್ಟ್ ಬಂದ ಕೂಡಲೇ ಓದಿ, ಯಾರೂ ನೋಡುವ ಮೊದಲು ಮೊಬೈಲಿನಿಂದ ಅಳಿಸಿದವರನ್ನೂ ನಾನು ಕಂಡಿದ್ದೇನೆ. ಅವರಿಗೆ ಬೋಗುಣಿ, ಸೋಡ ಬೇಕಾಗುವುದಿಲ್ಲ, ಅಷ್ಟೆ.

ನಿಮ್ಮ ಕಾಲದಲ್ಲಿ ಇಂಥದ್ದೆಲ್ಲ ಇರಲಿಲ್ಲವಾ ಅಜ್ಜಿ ಎಂದು ನಿಮ್ಮಲ್ಲಿ ಕಿರಿಯವಳು ಕೇಳಿದಳು. ಕ್ವಾರ್ಟರ್ಸ್‌ ಬಿಡುವಾಗ ಕಿಟಕಿಯಿಂದ ಬಿಡಿಸಿ ತಂದು, ಇಷ್ಟು ವರ್ಷ ಸೀರೆಗಳ ಕೆಳಗೆ ಇಟ್ಟುಕೊಂಡಿದ್ದ ನೀಲಿ ಹಾಳೆಯನ್ನು ಅವಳ ಕೈಗೆ ಕೊಟ್ಟೆ. ಅವಳು ಅದನ್ನು ಬೆಳಕಿಗೆ ಹಿಡಿದಳು. ಏನೂ ಇಲ್ಲ, ಆಚೆಯ ಬೇವಿನಮರ ಕಾಣುತ್ತದೆ ಎಂದಳು. ಆಮೇಲೆ ಮೇಲಿನ ಮೂಲೆಗೆ ಬೆರಳಿಟ್ಟಳು. ಅಲ್ಲಿ ಅಪ್ಪನ ನಾರು ತಲುಪದೆ ಬಿಟ್ಟ, ಎರಡು ಬೆರಳಗಲದ ಕಪ್ಪು ಇದೆ. ಕಪ್ಪಿನಲ್ಲಿ ಬಿಳಿಯದೊಂದು ಸಣ್ಣ ಬಾಗು.

"ಅಜ್ಜಿ, ಇದೇನು?"

"ಅಕ್ಕನ ಭುಜ," ಎಂದೆ. "ಮೆಲ್ಲಗೆ ಹಿಡಿ."