ಹೊಸ ಶೇಪಿನ ಕಾರನ್ನು ಕೆಂಪಯ್ಯ ನೋಡಿದ್ದು

ಗುಬ್ಬಿಯಲ್ಲಿ ಯಾರು ಗಾಡಿ ಕೊಳ್ಳುವುದಿದ್ದರೂ ಮೊದಲು ನಮ್ಮ ಎದುರುಮನೆ ಕೆಂಪಯ್ಯನವರನ್ನು ಕರೆದುಕೊಂಡು ಹೋಗುತ್ತಿದ್ದರು. ಅವರು ಬಾನೆಟ್ ಎತ್ತುತ್ತಿರಲಿಲ್ಲ, ಟೈರಿಗೆ ಒದೆಯುತ್ತಿರಲಿಲ್ಲ. ಗಾಡಿಯನ್ನು ಬಿಸಿಲಿಗೆ ನಿಲ್ಲಿಸಿ, ಎಲ್ಲರನ್ನೂ ಅದರಿಂದ ದೂರ ಕಳಿಸಿ, ತಾವೂ ಇಪ್ಪತ್ತು ಹೆಜ್ಜೆ ಆಚೆ ಕುಕ್ಕರಗಾಲಲ್ಲಿ ಕೂತು ಅದನ್ನೇ ನೋಡುತ್ತಿದ್ದರು. ಮುಕ್ಕಾಲು ಗಂಟೆ, ಒಂದೊಂದು ಸಲ ಒಂದೂವರೆ ಗಂಟೆ. ಆಮೇಲೆ ಎದ್ದು ಪಂಚೆ ಕೊಡವಿಕೊಂಡು "ತಗೊ" ಅನ್ನುತ್ತಿದ್ದರು, ಇಲ್ಲವೇ "ಬುಡು". ಅದಕ್ಕಿಂತ ಹೆಚ್ಚು ಮಾತಿಲ್ಲ. ಇಷ್ಟಕ್ಕೆ ಅವರು ತೆಗೆದುಕೊಳ್ಳುತ್ತಿದ್ದದ್ದು ಒಂದು ಕಾಫಿ, ಒಂದು ಕಟ್ಟು ಬೀಡಿ.

ಮದುವೆಯಾಗಿ ಈ ಬೀದಿಗೆ ಬಂದ ಹೊಸತರಲ್ಲಿ ನನಗೆ ಅವರನ್ನು ಕಂಡರೆ ಸ್ವಲ್ಪ ಭಯವಿತ್ತು. ಖಾಲಿ ಗಾಡಿಯೊಂದನ್ನು ಮನುಷ್ಯ ಅಷ್ಟು ಹೊತ್ತು ಹಾಗೆ ನೋಡುತ್ತಾ ಕೂತರೆ, ಆ ಗಾಡಿಯೂ ಅವನನ್ನು ನೋಡುತ್ತಿದೆ ಅನ್ನಿಸುತ್ತದೆ. ಅವರ ಹೆಂಡತಿ ದೊಡ್ಡಗಂಗಮ್ಮನವರಿಗೆ ಇದೊಂದು ತಮಾಷೆ. "ನನ್ನ ನೋಡಕ್ ಬಂದಾಗ್ಲೂ ಹಂಗೇಯ ಕಣವ್ವ. ಮಾತಿಲ್ಲ ಕತೆಯಿಲ್ಲ, ಆ ಮೂಲೇಲಿ ಕೂತ್ಕಂಡು ಗುರಾಯಿಸ್ತಿತ್ತು. ತಗೊ ಅಂತೋ ಬುಡು ಅಂತೋ, ಇವತ್ಗೂ ಬಾಯ್ಬುಟ್ಟಿಲ್ಲ!"

ಕೆಂಪಯ್ಯನವರು ಇದನ್ನು ಕಲಿತದ್ದು ಕುದುರೆಗಳಿಂದ. ಹನ್ನೆರಡನೇ ವಯಸ್ಸಿಗೆ ಕುಣಿಗಲ್ಲಿನ ಕುದುರೆ ಫಾರಂ ಸೇರಿ, ಇಪ್ಪತ್ತು ವರ್ಷ ಅಲ್ಲಿ ಕುದುರೆಗಳಿಗೆ ಮೈ ಉಜ್ಜಿ, ಹುಲ್ಲು ಹಾಕಿ, ಮರಿ ಹಾಕಿಸಿದವರು. ಒಂದು ದಿನ ಒಂದು ಕುದುರೆ ಒದ್ದು ಬಲಭುಜ ಮುರಿಯಿತು. ಕೂಡಿಕೊಂಡಿತು, ಆದರೆ ಆ ಕೈ ಎದೆಯಿಂದ ಮೇಲೆ ಏಳಲೇ ಇಲ್ಲ. ಆಮೇಲೆ ಗುಬ್ಬಿಗೆ ಬಂದು ಬಸ್‌ಸ್ಟ್ಯಾಂಡಿನ ಹತ್ತಿರ ಅಂಬಾಸಿಡರ್ ಟ್ಯಾಕ್ಸಿ ಇಟ್ಟುಕೊಂಡರು. ಒಂದು ಸಲ ನಾನೇ ಕೇಳಿದ್ದೆ, ದೂರ ಯಾಕೆ ಕೂರುತ್ತೀರಿ ಅಂತ.

"ಕುದ್ರೆ ಮುಂದೆ ಮನ್ಸ ನಿಂತ್ರೆ ಅದು ನೋವ ಬಚ್ಚಿಟ್ಕತ್ತದೆ ಕಣವ್ವ. ಕಾಲು ಮುರ್ದಿದ್ರೂ ನೆಟ್ಟಗೆ ನಿಂತಿರ್ತದೆ. ನೀನು ದೂರ ಹೋಗಿ, ಅದು ನಿನ್ನ ಮರೀಬೇಕು. ಆಗ ಕುಂಟ್ತದೆ."

"ಕಾರಿಗೆ ಜೀವ ಇದೆಯಾ ಕೆಂಪಯ್ಯಣ್ಣ?"

ಅವರು ಬೀಡಿ ಆರಿಸಿ ಗೋಡೆಗೆ ಒತ್ತಿದರು. "ಜೀವ ಇದ್ರೇ ವಾಸಿ" ಅಂದರು.

ನಮಗೆ ಕಾರು ಬೇಕಾದದ್ದು ಶೋಕಿಗಲ್ಲ. ಮಗಳು ಭೂಮಿಕಾಗೆ ಎರಡೂವರೆ ವರ್ಷ, ಹುಟ್ಟಿದಾಗಿನಿಂದ ಗೂರಲು. ಉಸಿರು ಕಟ್ಟಿದಾಗ ತುಮಕೂರಿನ ಡಾಕ್ಟರ ಹತ್ತಿರ ಓಡಬೇಕು. ಬಸ್ಸಿಗೆ ಕಾದು, ಜನರ ಮಧ್ಯೆ ಅವಳನ್ನು ಎತ್ತಿ ಹಿಡಿದು, ಕಿಟಕಿ ಪಕ್ಕದವರನ್ನು ಸೀಟು ಬಿಡಿ ಎಂದು ಬೇಡಿ ಸಾಕಾಗಿತ್ತು. ಎರಡು ಸಾವಿರದ ಮೂರರ ಬೇಸಿಗೆಯಲ್ಲಿ ನನ್ನ ಯಜಮಾನರು ಸೋಮಶೇಖರ್ ಕಾರು ತೆಗೆದುಕೊಳ್ಳೋಣ ಎಂದು ಗಟ್ಟಿ ಮನಸ್ಸು ಮಾಡಿದರು. ಅದೇ ವರ್ಷ, ಹತ್ತಾರು ವರ್ಷ ಒಂದೇ ರೂಪದಲ್ಲಿ ಓಡಾಡಿದ್ದ ಕಾರೊಂದನ್ನು ಕಂಪನಿಯವರು ಪೂರ್ತಿ ಬದಲಾಯಿಸಿ ಬಿಟ್ಟಿದ್ದರು. ದುಂಡನೆ ದೀಪ, ಗುಂಡಿ ಒತ್ತಿದರೆ ಏರುವ ಗಾಜು, ರಿಮೋಟಿನಲ್ಲಿ ನಾಲ್ಕೂ ಬಾಗಿಲಿಗೆ ಒಟ್ಟಿಗೆ ಬೀಗ. ಎಲ್ಲರ ಬಾಯಲ್ಲೂ ಅದು 'ಹೊಸ ಶೇಪು'. ಹಳೇ ಶೇಪಿನವೂ ಶೋರೂಮಿನಲ್ಲಿ ಒಂದೆರಡು ಉಳಿದಿದ್ದವು.

"ಹಳೇದೇ ತಗಳಪ್ಪ" ಅಂದರು ಕೆಂಪಯ್ಯ. "ಮೊದುಲ್ನೇ ವರ್ಷ ಕಂಪ್ನಿಯೋರು ಇನ್ನೂ ಕಲೀತಿರ್ತಾರೆ. ಅವ್ರು ಕಲಿಯಕ್ಕೆ ನಿನ್ ಮನೆ ಮಗೀನೇ ಬೇಕಾ?"

"ಕಾಲ ಎಲ್ಲಿಗೋ ಹೋಗಿದೆ ಕೆಂಪಯ್ಯಣ್ಣ. ಈಗ ಎಲ್ಲ ಕಂಪ್ಯೂಟ್ರಲ್ಲೇ ಚೆಕ್ ಮಾಡಿ ಕಳಿಸ್ತಾರೆ. ಕುದುರೆ ಡಾಕ್ಟ್ರನ್ನ ಕೇಳಲ್ಲ" ಎಂದು ಇವರು ನಕ್ಕರು. ಕೆಂಪಯ್ಯನವರೂ ನಕ್ಕರು. ಆದರೆ ಅವರ ಮುಖ ಸಣ್ಣಗಾಯಿತು, ನಾನು ಕಂಡೆ.

ಏಪ್ರಿಲ್ ಎರಡನೇ ವಾರ ಶೋರೂಮಿನ ಸೇಲ್ಸ್‌ನವನು ಹೊಸ ಶೇಪಿನ ಕಾರೊಂದನ್ನು ತೋರಿಸಲು ಮನೆಗೇ ತಂದ. ಹೇರೂರಿನವರೆಗೆ ಒಂದು ಸುತ್ತು ಹೋಗಿ ಬಂದೆವು. ಊಟದ ಹೊತ್ತಾಗಿತ್ತು, ಹಾಗೇ ಕಳಿಸುವುದು ಹೇಗೆ? ಉಂಡು ಹೋಗಪ್ಪ ಎಂದೆವು. ಅವನು ಕಾರಿನ ಕೀಯನ್ನು ಟಿವಿಯ ಮೇಲಿಟ್ಟು ಕೈ ತೊಳೆಯಲು ಹೋದ. ನೆರಳಿಲ್ಲದ ಬೀದಿಯಲ್ಲಿ ಕಾರು ನಿಂತಿತ್ತು. ಎದುರಿನ ಜಗುಲಿಯ ಮೇಲೆ, ಯಾರೂ ಕರೆಯದಿದ್ದರೂ, ಕೆಂಪಯ್ಯನವರು ಬಂದು ಕೂತಿದ್ದರು.

ಮುದ್ದೆ ಬಡಿಸಿ ನೀರಿನ ಚೊಂಬಿಗಾಗಿ ತಿರುಗಿದಾಗ ಕಿಟಕಿಯಿಂದ ಹೊರಗೆ ನೋಡಿದೆ. ಆ ಕಾರಿನ ಬಾಗಿಲುಗಳ ಮೇಲೆ, ಗಾಜಿನಂಚಿನಲ್ಲಿ, ಬೆರಳ ತುದಿಯಷ್ಟು ಲಾಕಿನ ಗುಬುಟುಗಳಿದ್ದವು. ತೆರೆದಿದ್ದಾಗ ಅವು ಮೇಲೆದ್ದು ಒಂದು ಕೆಂಪು ಗೆರೆ ಕಾಣಿಸುತ್ತಿತ್ತು. ನಾನು ನೋಡುತ್ತಿದ್ದಂತೆ 'ಟಕ್' ಎಂದಿತು. ನಾಲ್ಕೂ ಕೆಂಪು ಗೆರೆಗಳು ಒಟ್ಟಿಗೆ ಒಳಗೆ ಹೋದವು. ಮನುಷ್ಯ ಕಣ್ಣು ಮುಚ್ಚಿದ ಹಾಗೆ. ಕಾರಿನ ಹತ್ತಿರ ಒಂದು ನರಪಿಳ್ಳೆ ಇಲ್ಲ. ನಾಲ್ಕೈದು ಉಸಿರು ಕಳೆದ ಮೇಲೆ ಮತ್ತೆ 'ಟಕ್' ಎಂದು ಮೇಲೆ ಬಂದವು.

ಹಿಂತಿರುಗಿ ನೋಡಿದೆ. ಕೀ ಟಿವಿಯ ಮೇಲೇ ಇತ್ತು. ಸೇಲ್ಸ್‌ನವನು ಎಲೆಯ ಮುಂದೆ ಕೂತು ಬಸ್ಸಾರಿಗೆ ಮುದ್ದೆ ಅದ್ದುತ್ತಿದ್ದ. ಇವರು ಅವನೊಂದಿಗೆ ಮೈಲೇಜಿನ ಮಾತಾಡುತ್ತಿದ್ದರು.

ನಾನು ಏನೂ ಹೇಳಲಿಲ್ಲ. ಬಿಸಿಲಿಗೆ ಕಣ್ಣು ಕತ್ತಲಿಟ್ಟಿರಬೇಕು ಅಂದುಕೊಂಡೆ. ಕೆಂಪಯ್ಯನವರೂ ಎದ್ದು ಪಂಚೆ ಕೊಡವಿಕೊಂಡರು. 'ತಗೊ' ಅನ್ನಲಿಲ್ಲ, 'ಬುಡು' ಅನ್ನಲಿಲ್ಲ, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಸಂಜೆ ಡೈರಿಯಲ್ಲಿ 'ಕಾರು ತಾನೇ ಬೀಗ ಹಾಕಿಕೊಂಡಿತು' ಎಂದು ಬರೆದೆ. ಬರೆದದ್ದನ್ನು ಓದಿದಾಗ ಹುಚ್ಚು ಹೆಂಗಸಿನ ಮಾತಿನ ಹಾಗಿತ್ತು. ಹೊಡೆದುಹಾಕಿದೆ. ಬರುವ ಶುಕ್ರವಾರ ತುಮಕೂರಿಗೆ ಹೋಗಿ ಬುಕ್ ಮಾಡುವುದೆಂದು ತೀರ್ಮಾನವಾಯಿತು.

ನಮಗಿಂತ ಮೊದಲು ನಮ್ಮ ಪಕ್ಕದ ಮನೆಯ ಕಾಂತೇಶ ಅಂಥದೇ ಹೊಸ ಶೇಪಿನ ಕಾರೊಂದನ್ನು ತಂದ. ಅವನದು ಸ್ಟೇಷನ್ ರಸ್ತೆಯಲ್ಲಿ ಹಾರ್ಡ್‌ವೇರ್ ಅಂಗಡಿ. ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ ಮನೆ ಮುಂದೆಯೇ ಪೂಜೆ. ಚಕ್ರಕ್ಕೆ ನಿಂಬೆಹಣ್ಣು, ಬಾನೆಟ್ಟಿಗೆ ಸೇವಂತಿಗೆ ಹಾರ. ಹೊಸ ಗಾಡಿಗೆ ಮೊದಲು ಹೆಣ್ಣುಮಗು ಹತ್ತಬೇಕು, ಲಕ್ಷ್ಮಿ ಬಂದ ಹಾಗೆ, ಅನ್ನುವುದು ಅವರ ಮನೆಯ ಪದ್ಧತಿ. ಕಾಂತೇಶನಿಗೆ ಇಬ್ಬರೂ ಗಂಡುಮಕ್ಕಳು. ಅವನ ತಾಯಿ ಗಂಗಲಕ್ಷ್ಮಮ್ಮ ಬಂದು ಭೂಮಿಕಾಳ ಗಲ್ಲ ಹಿಡಿದರು. "ಬಾರೇ ನನ್ ಲಕ್ಷ್ಮಿ. ಕಳ್ಸೇ ಸರ್ವಮಂಗಳ, ಎರಡ್ ನಿಮಿಷ."

ಬೇಡ ಅನ್ನುವ ಮಾತು ನಾಲಿಗೆಯ ತುದಿಯಲ್ಲಿತ್ತು. ಆದರೆ ಆರತಿ ತಟ್ಟೆ ಹಿಡಿದು ನಿಂತವರ ಮುಂದೆ, ಶುಭದ ಹೊತ್ತಿನಲ್ಲಿ, ಬೇಡ ಅನ್ನುವುದು ಹೇಗೆ? ಏನು ಕಾರಣ ಹೇಳಲಿ? ಕಳಿಸಿದೆ. ಹೆತ್ತ ನಾನೇ ಎತ್ತಿ ಡ್ರೈವರ್ ಸೀಟಿನಲ್ಲಿ ಕೂರಿಸಿದೆ.

ಗಂಗಲಕ್ಷ್ಮಮ್ಮ ಕಾರಿನ ಎರಡೂ ಕೀಗಳಿಗೆ ಕುಂಕುಮ ಹಚ್ಚಿ, ಗಾಜಿನ ಹಿಂದೆ ಅಂಟಿಸಿದ್ದ ಗಣಪನ ಪಾದದ ಹತ್ತಿರ ಇಟ್ಟರು. "ಜೋಡೀನ ಬೇರೆ ಮಾಡ್ಬಾರ್ದು" ಅಂದರು. ಪಕ್ಕದಲ್ಲೇ ಬಾಳೆಹಣ್ಣಿಗೆ ಚುಚ್ಚಿದ ಊದುಬತ್ತಿ. ಎದುರಿನಿಂದ ಆರತಿ ಬೆಳಗಬೇಕೆಂದು ಬಾಗಿಲು ಮುಚ್ಚಿದರು. ಗಾಜುಗಳು ಏರಿಯೇ ಇದ್ದವು. ಆರತಿ ಎತ್ತಿದರು.

'ಟಕ್.'

ನಾಲ್ಕೂ ಕೆಂಪು ಗೆರೆಗಳು ಒಳಗೆ ಹೋದವು.

ಕೀಗಳು ಗಣಪನ ಮುಂದೆ ಇಟ್ಟಲ್ಲೇ ಇದ್ದವು. ಭೂಮಿಕಾಳ ಎರಡೂ ಕೈಯಲ್ಲಿ ಒಂದು ಸೇಬು. ಅವಳ ಕೈಗೆ ಕೀ ಎಟುಕುವಂತಿರಲಿಲ್ಲ. ಹೆಂಗಸರು ಹಾಡುತ್ತಲೇ ಇದ್ದರು. ಕೇಳಿಸಿದ್ದು ನನಗೊಬ್ಬಳಿಗೆ. ಓಡಿಹೋಗಿ ಬಾಗಿಲು ಎಳೆದೆ. ಬರಲಿಲ್ಲ.

ಮೊದಲು ಎಲ್ಲರೂ ನಕ್ಕರು. "ಲಕ್ಷ್ಮಿ ಬಾಗ್ಲು ಹಾಕ್ಕೊಂಡ್ಳು ಕಣೋ ಕಾಂತೇಶ, ಇನ್ನು ನಿನ್ ಮನೆ ಬಿಟ್ಟು ಹೋಗಲ್ಲ!" ಎಂದರು ಯಾರೋ. ಕಾಂತೇಶ ನಾಲ್ಕೂ ಬಾಗಿಲು ಎಳೆದು ನೋಡಿದ. ಆಮೇಲೆ ನಗು ನಿಂತಿತು. ಅವನು ಮೊಬೈಲ್ ತೆಗೆದು ಶೋರೂಮಿಗೆ ಹಚ್ಚಿದ. "ಮೆಕ್ಯಾನಿಕ್ ಹೊರಟಿದಾನಂತೆ, ಮುಕ್ಕಾಲು ಗಂಟೆ."

ಒಳಗೆ ಊದುಬತ್ತಿಯ ಹೊಗೆ ಗಾಜಿಗೆ ಮೆತ್ತಿಕೊಳ್ಳುತ್ತಿತ್ತು. ಭೂಮಿಕಾ ಅಳುತ್ತಿರಲಿಲ್ಲ. ನನ್ನತ್ತ ನೋಡುತ್ತಲೂ ಇರಲಿಲ್ಲ. ಕತ್ತು ಹೊರಳಿಸಿ ಹಿಂದಿನ ಸೀಟನ್ನು ನೋಡುತ್ತಿದ್ದಳು, ಅಲ್ಲಿ ಯಾರೋ ಮಾತಾಡಿಸುತ್ತಿರುವ ಹಾಗೆ. ಯಾರೂ ಮುಟ್ಟದೆ ಮುಂದಿನ ಗಾಜಿನ ವೈಪರ್ ಒಂದು ಸಲ ಎದ್ದು, ಹಾರದ ಹೂವುಗಳನ್ನು ಎಳೆದುಕೊಂಡು ಬಂದು ಮಲಗಿತು. ಆಮೇಲೆ ಅವಳ ಹೆಗಲು ಏರಿಳಿಯತೊಡಗಿತು. ಆ ಏರಿಳಿತ ನನಗೆ ಗೊತ್ತು. ಉಸಿರು ಕಟ್ಟುತ್ತಿತ್ತು.

"ಗಾಜು ಒಡೀರಿ" ಎಂದು ಕೂಗಿದೆ.

"ಅಯ್ಯೋ, ಪೂಜೆ ಗಾಡಿ ಕಣೇ!" ಗಂಗಲಕ್ಷ್ಮಮ್ಮ ಅಡ್ಡ ಬಂದರು. "ದೀಪ ಇನ್ನೂ ಆರಿಲ್ಲ. ಮನೆಗಾಗಲ್ಲ. ಸ್ವಲ್ಪ ತಡಿ, ಬರ್ತಾನಂತಲ್ಲ." ಕಾಂತೇಶ ತಾಯಿಯ ಮುಖ ನೋಡಿದ, ಕಾರನ್ನು ನೋಡಿದ, ನಿಂತಲ್ಲೇ ನಿಂತ. ನನ್ನ ಯಜಮಾನರು ಆಫೀಸಿನಲ್ಲಿದ್ದರು.

ಜನರನ್ನು ಸೀಳಿಕೊಂಡು ಬಂದದ್ದು ಕೆಂಪಯ್ಯ. ಗಂಗಲಕ್ಷ್ಮಮ್ಮನವರ ಜಗುಲಿಯ ಮೇಲೆ ಎಲೆಯಡಿಕೆ ಕುಟ್ಟುವ ಕಬ್ಬಿಣದ ಕುಟ್ಟಾಣಿ ಇತ್ತು. ಅದನ್ನು ಎಡಗೈಯಲ್ಲಿ ತಂದು ನನಗೆ ಚಾಚಿದರು. "ನನ್ ಕೈ ಏಳಾಕಿಲ್ಲ ಕಣವ್ವ. ನೀನೇ ಹೊಡಿ. ಹಿಂದುಗಡೆ ಬಾಗ್ಲು ಗಾಜು. ನಡುವ್ಕಲ್ಲ, ಮೂಲೆಗೆ."

ಮೂಲೆಗೆ ಹೊಡೆದೆ. ಎರಡನೇ ಏಟಿಗೆ ಗಾಜು ಕಲ್ಲುಸಕ್ಕರೆಯ ಹಾಗೆ ಉದುರಿತು. ಹೊಗೆ ಮುಖಕ್ಕೆ ಬಂತು. ಒಳಗೆ ಕೈ ಹಾಕುವಷ್ಟರಲ್ಲಿ 'ಟಕ್' ಎಂದು ನಾಲ್ಕೂ ಗುಬುಟುಗಳು ತಾವಾಗಿಯೇ ಮೇಲೆದ್ದವು.

ಮಗು ಬದುಕಿತು. ಕೆಂಪಯ್ಯನವರ ಅಂಬಾಸಿಡರಿನಲ್ಲೇ ತುಮಕೂರಿಗೆ ಹೋದೆವು, ಒಂದೂವರೆ ದಿನ ಇಟ್ಟುಕೊಂಡು ಕಳಿಸಿದರು. ಇವರು ಬುಕಿಂಗಿನ ಮಾತು ಮತ್ತೆ ಎತ್ತಲಿಲ್ಲ. ನಾನೇ ಕೇಳಿದೆ. "ಹಳೇ ಶೇಪ್ ಒಂದು ಉಳಿದಿದ್ಯಂತೆ, ಕೈಯಲ್ಲಿ ತಿರುಗಿಸೋ ಗಾಜು. ಅದನ್ನೇ ಹೇಳಿದೀನಿ" ಎಂದಷ್ಟೇ ಅಂದರು.

ಕಾಂತೇಶನ ಮನೆಯವರು ನಮ್ಮೊಂದಿಗೆ ಮಾತು ಬಿಟ್ಟರು. ಮಗುವೇ ಏನೋ ಒತ್ತಿತು, ತಾಯಿ ಶುಭದ ಗಾಡಿ ಒಡೆದಳು ಅಂತ ಬೀದಿಯಲ್ಲೆಲ್ಲ ಹೇಳಿಕೊಂಡರು. ಶೋರೂಮಿನವರು ಯಾವುದೋ ವೈರು ಬದಲಾಯಿಸಿ, ಹೊಸ ಗಾಜು ಹಾಕಿ, ಎಲ್ಲ ಸರಿಯಾಗಿದೆ ಎಂದು ಬರೆದುಕೊಟ್ಟು ಕಾರನ್ನು ತಿರುಗಿ ಬಿಟ್ಟುಹೋದರು.

ಕಾರು ವಾಪಸು ಬಂದ ಮಾರನೆಯ ದಿನ ಮಧ್ಯಾಹ್ನ ಭೂಮಿಕಾಳನ್ನು ಎತ್ತಿಕೊಂಡು ಕೆಂಪಯ್ಯನವರ ಜಗುಲಿಗೆ ಹೋದೆ. ಅವರು ನನ್ನ ಮುಖ ನೋಡಲಿಲ್ಲ.

"ತೆಪ್ಪು ನಂದು ಕಣವ್ವ."

"ನೀವಿಲ್ದಿದ್ರೆ ಇವಳು ಉಳೀತಿರಲಿಲ್ಲ ಕೆಂಪಯ್ಯಣ್ಣ."

"ಅವತ್ತು ನಿಮ್ಮನೇಲಿ ಆ ಹುಡ್ಗ ಉಣ್ಣಕ್ ಕೂತಿದ್ನಲ್ಲ, ಆಗ್ಲೇ ನೋಡ್ದೆ. ಮೂರು ಸಲ ತಾನೇ ಬೀಗ ಹಾಕ್ಕಂತು, ಮೂರು ಸಲ ತಾನೇ ತಗೀತು." ಅವರು ಕಣ್ಣುಜ್ಜಿಕೊಂಡರು. "ಎರಡು ವರ್ಸದಿಂದ ಪೊರೆ. ಯಾರ್ಗೂ ಹೇಳಿಲ್ಲ, ನಮ್ ಮನೆಯವಳ್ಗೂ. ಕಣ್ಣೇ ಆಟ ಆಡ್ತದೆ ಅನ್ಕಂಡೆ. ಬುಡು ಅಂದ್ರೆ ನಿನ್ ಗಂಡ ನಗ್ತಾನೆ ಅನ್ಕಂಡೆ. ಸುಮ್ಕಾದೆ."

"ನಾನೂ ನೋಡಿದೆ" ಎಂದೆ.

ಕೆಂಪಯ್ಯನವರು ಆಗ ತಲೆ ಎತ್ತಿದರು. ಇಬ್ಬರು ನೋಡಿದ್ದೆವು. ಇಬ್ಬರಲ್ಲಿ ಒಬ್ಬರು ಬಾಯಿ ಬಿಟ್ಟಿದ್ದರೂ ಸಾಕಾಗಿತ್ತು.

ಎದುರಿಗೆ, ಬಿಸಿಲಿನಲ್ಲಿ, ಕಾಂತೇಶನ ಕಾರು ನಿಂತಿತ್ತು. ಸುತ್ತ ಯಾರೂ ಇರಲಿಲ್ಲ.

"ಈಗ ಹೆಂಗದೆ ನೋಡವ್ವ" ಎಂದರು ಮೆಲ್ಲಗೆ. "ನಂಗೆ ಮಬ್ಬು ಮಬ್ಬು, ನನ್ ಕಣ್ಣ ನಂಬಾಕಾಗಲ್ಲ."

"ಕೆಂಪು ಗೆರೆ ಕಾಣ್ತಿದೆ. ತೆರೆದೇ ಇದೆ."

ಒಂದು ಬೀಡಿ ಮುಗಿಯುವಷ್ಟು ಹೊತ್ತು ಕೂತೆವು. ನನ್ನ ಹೆಗಲ ಮೇಲೆ ನಿದ್ದೆ ಹೋಗಿದ್ದ ಭೂಮಿಕಾ ಇದ್ದಕ್ಕಿದ್ದಂತೆ ಕಣ್ಣು ಬಿಟ್ಟು ಆ ಕಡೆ ತಿರುಗಿದಳು.

"ಈಗ?" ಎಂದರು ಕೆಂಪಯ್ಯ.

ನೋಡಿದೆ. ನಾಲ್ಕು ಬಾಗಿಲು; ಒಂದರಲ್ಲೂ ಕೆಂಪು ಇರಲಿಲ್ಲ.

ಕಾಂತೇಶನ ಚಿಕ್ಕ ಮಗ ಕಾರು ವಾಪಸು ಬಂದದ್ದೇ ಅದರೊಳಗೆ ಕೂತು ಸ್ಟಿಯರಿಂಗ್ ತಿರುಗಿಸಿ ಆಡುತ್ತಿದ್ದ. ನಿನ್ನೆ ನಾನೇ ಕಿಟಕಿಯಿಂದ ನೋಡಿದ್ದೆ, ಇವತ್ತೂ ಕೂರುವವನೇ. ಒಳಗಿದ್ದ ದೊಡ್ಡಗಂಗಮ್ಮನವರನ್ನು ಕರೆದು, ಮಗಳನ್ನು ಅವರ ಕೈಗೆ ಕೊಟ್ಟು ಬೀದಿ ದಾಟಿದೆ. ಕಾರನ್ನು ಬಳಸಿಕೊಂಡು ಹೋಗಿ ಗಂಗಲಕ್ಷ್ಮಮ್ಮನವರ ಬಾಗಿಲು ಬಡಿದೆ. ಒಳಗಿನಿಂದ "ಯಾರು?" ಎಂದರು.

"ನಾನು, ಸರ್ವಮಂಗಳ. ನೀವು ಬೈದ್ರೂ ಸರಿ, ಬಾಗಿಲು ತೆಗೀರಿ ಅಮ್ಮ" ಎಂದೆ.